ನಮ್ಮ ಸೀಮೆಯ ಎಣ್ಣೆ

ಹಂಪಾಪುರದ ಚಲುವಯ್ಯನಿಗೆ ತಲೆ ಕೆಟ್ಟಿದೆ ಎಂದು ಊರೇ ಆಡಿಕೊಂಡಿತು. ಆಡಿಕೊಳ್ಳದೆ ಇನ್ನೇನು? ತೊಂಬತ್ತಾರನೇ ಇಸವಿಯಲ್ಲಿ ಆಸ್ತಿ ಪಾಲಾದಾಗ ನಾಲೆ ಬದಿಯ ಎರಡೆಕರೆ ಗದ್ದೆಯನ್ನು ತಮ್ಮ ದೇವರಾಜುವಿಗೆ ಬಿಟ್ಟುಕೊಟ್ಟು, ಮೇಲಿನ ಕಲ್ಲುಹೊಲವನ್ನೂ ಅದರ ಹಾಳುಬಾವಿಯನ್ನೂ ತಾನು ಹಿಡಿದುಕೊಂಡ. "ತಮ್ಮ ಚೆನ್ನಾಗಿರ್ಲಿ ಬುಡಿ" ಎಂದ ಅವನ ಮಾತಿಗೆ ಪಂಚಾಯ್ತಿಯವರ ಕಣ್ಣಲ್ಲಿ ನೀರೇ ಬಂತು.

ನಿಜವಾದ ಕಾರಣ ಬಾವಿಯೊಳಗಿತ್ತು. ಬಗ್ಗಿದರೆ ನಿಂತ ನೀರಿನ ಮೇಲೆ ಬಣ್ಣಬಣ್ಣದ ಪೊರೆ, ಮೂಗಿಗೆ ಸೀಮೆಎಣ್ಣೆಯ ಘಾಟು. ಇಷ್ಟು ದಿನ ಪರಸೀಮೆಯಿಂದ ಬರುತ್ತಿದ್ದ ಎಣ್ಣೆ ನಮ್ಮ ಸೀಮೆಯಲ್ಲೇ ಉಕ್ಕಿದೆ! ಹೆಂಡತಿ ಸುನಂದಮ್ಮನಿಗೂ ಅವನು ಹೇಳಲಿಲ್ಲ. ಹೆಂಗಸರಿಗೆ ಗುಟ್ಟು ಮುಚ್ಚಿಡಲು ಬರುವುದಿಲ್ಲ ಎಂಬುದು ಮಹಾಶಯನ ನಂಬಿಕೆ.

ಪಾಲುಪತ್ರ ರಿಜಿಸ್ಟರ್ ಆದ ಮೇಲೆ ಮೈಸೂರಿನಿಂದ ಭೂಗರ್ಭಶಾಸ್ತ್ರದ ಮೇಷ್ಟ್ರು ಕಂಠಪ್ಪನವರನ್ನು ಹೊಲಕ್ಕೆ ಕರೆತಂದ. ಅವರು ಬಂಡೆಗೆ ಸುತ್ತಿಗೆಯಿಂದ ಕುಟ್ಟಿ ನಕ್ಕರು.

"ಎಣ್ಣೆ ಸಿಗಬೇಕಾದ್ರೆ ಹಿಂದೆ ಇಲ್ಲಿ ಸಮುದ್ರ ಇದ್ದಿರ್ಬೇಕು ಚಲುವಯ್ಯನೋರೆ. ತಳದಲ್ಲಿ ಕೆಸರು ಪದರ ಪದರವಾಗಿ ಕೂತು, ಸತ್ತ ಜೀವಿಗಳು ಅದರಡಿ ಸಿಕ್ಕಿ, ಕೋಟಿಗಟ್ಟಲೆ ವರ್ಷ ಬೇಯಬೇಕು. ಇಲ್ಲಿ ಅಂಥ ಪದರವೇ ಇಲ್ಲ, ಬರೀ ಗಟ್ಟಿ ಕಲ್ಲು."

"ಅಂಗಾರೆ ಇದೇನು ಸಾಮಿ?" ಬಾವಿಯ ಪೊರೆ ಗೋರಿ ತುಂಬಿದ್ದ ಸೀಸೆಯನ್ನು ಚಲುವಯ್ಯ ಗೆದ್ದವನಂತೆ ಮುಂದೆ ಹಿಡಿದ. ನೀರಿನ ಮೇಲೆ ಒಂದು ನೀಲಿ ಪದರ ನಿಂತಿತ್ತು.

"ಈ ನೀಲಿ ಭೂಮಿತಾಯಿ ಹಾಕಿದ್ದಲ್ಲ, ಸರ್ಕಾರ ಹಾಕಿದ್ದು. ಬಣ್ಣ ಬೆರೆಸಿ ಕೊಡೋ ರೇಷನ್ ಸೀಮೆಎಣ್ಣೆ ಕಣ್ರೀ ಇದು!"

ಕಾಫಿ ತಂದಿದ್ದ ಸುನಂದಮ್ಮ ನಿಂತಲ್ಲೇ ನಿಂತಳು. "ನಾನೇಯ ಸುರಿದಿದ್ದು. ನಿಂತ ನೀರಿಗೆ ಆಕಿದ್ರೆ ಸೊಳ್ಳೆಮರಿ ಸಾಯ್ತವೆ ಅಂತ ನರ್ಸಮ್ಮ ಏಳಿದ್ರು. ವಾರವಾರ ಆಕ್ತಿದ್ದೆ. ನೀವು ಎಗರಾಡ್ತೀರ ಅಂತ ಬಾಯಿ ಬುಡ್ನಿಲ್ಲ."

ಅವಳು ಸೀಸೆ ನೋಡಿದಳು, ಗಂಡನ ಮುಖ ನೋಡಿದಳು.

"ಅಲ್ಲಾ, ನೀವು ತಮ್ಮನ ಮ್ಯಾಲಿನ ಪ್ರೀತಿಗೆ ಗದ್ದೆ ಬುಡ್ನಿಲ್ವಾ?"

ಆಗಲೇ ಕೆಳಗಿನ ಗದ್ದೆಯಲ್ಲಿ ನಾಟಿಗೆ ನೀರು ಕಟ್ಟುತ್ತಿದ್ದ ದೇವರಾಜು ಕೂಗಿದ: "ಅಣ್ಣಯ್ಯಾ, ಮೊದಲ್ನೇ ಮೂಟೆ ಬತ್ತ ನಿಮ್ಗೇ ಕಣಣ್ಣಾ!"

ಚಲುವಯ್ಯ ಸೀಸೆಯನ್ನು ಟವೆಲಿನಡಿ ಮುಚ್ಚಿಕೊಂಡು, "ಆಗ್ಲಿ ಕಣಪ್ಪಾ" ಎಂದ.