ಅಂಗೈಯಗಲದ ಗಿಡ, ಇಬ್ಬರು ಬೀಗರು

ಅಂಗೈಯಗಲದ ಒಂದು ಗಿಡ ನೋಡುವುದಕ್ಕೆ ಅರ್ಧ ರಾಯಚೂರು ನಮ್ಮ ಮನೆಗೆ ಬಂದಿತ್ತು. ಉಳಿದರ್ಧ ಬರದಿದ್ದದ್ದು ನಮ್ಮ ಓಣಿಯಲ್ಲಿ ಕಾಲಿಡಲು ಜಾಗವಿಲ್ಲದ್ದಕ್ಕೆ. ನಾನು ಹಂಪಯ್ಯ, ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತನಾದವನು. ನಾನು ಸೀಟಿ ಊದದೆ ಮಾನ್ವಿ ಬಸ್ಸು ಕದಲುತ್ತಿರಲಿಲ್ಲ. ಹೈದರಾಬಾದ್ ಬಸ್ಸಂತೂ ನನ್ನ ಮುಖ ನೋಡದೆ ಇಂಜಿನ್ನನ್ನೇ ಚಾಲೂ ಮಾಡುತ್ತಿರಲಿಲ್ಲ. ಅಂಥವನ ಕೈಗೆ ಮಗಳು ಒಂದು ಸಣ್ಣ ಕುಂಡ ಕೊಟ್ಟು, ಇದನ್ನು ಸಾಯಿಸದೆ ಇಟ್ಟುಕೋ ನೋಡೋಣ ಅಂದಳು.

ಮಗಳು ಮೇಘಾ ಮಾನ್ವಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅವಳ ಮಗ ಕೃಷ್ಣನಿಗೆ ಆಗಷ್ಟೇ ನಡಿಗೆ ಬಂದಿತ್ತು. ನಡಿಗೆ ಏನು ಬಂತು, ಓಟವೇ. ನನ್ನ ಮೊಮ್ಮಗ ಹೊರಗೆ ಬಂದರೆ ಮಾನ್ವಿಯ ನಾಯಿಗಳು ದಾರಿ ಬಿಡುತ್ತವೆ. ಅವನನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಊರು ಬಿಟ್ಟು ಹೋದಳು. ಜೂನ್‌ನಲ್ಲಿ ಕಾಲೇಜು ಶುರುವಾದರೆ ಸೋಮವಾರದಿಂದ ಶನಿವಾರದವರೆಗೆ ಕೂಸು ಎಲ್ಲಿರಬೇಕು? ರಾಯಚೂರಿನಲ್ಲಿ, ನಮ್ಮ ಮನೆಯಲ್ಲಿ ಎಂದು ನಾನು. ದೇವದುರ್ಗದಲ್ಲಿ ಎಂದು ಬೀಗತಿ ಗೋಪಮ್ಮಕ್ಕ, ಅಳಿಯ ಅಂಬರೀಶನ ತಾಯಿ. ಇಬ್ಬರ ಜಗ್ಗಾಟದಲ್ಲಿ ಮೇಘಾಳ ಫೋನು ಎಷ್ಟು ಕಾದಿತೆಂದರೆ ಅದರ ಮೇಲೆ ರೊಟ್ಟಿ ಬೇಯಿಸಬಹುದಿತ್ತು.

ಕೊನೆಗೆ ಅವಳು ಒಂದು ಉಪಾಯ ತೆಗೆದಳು. ಅವಳ ಕಿಟಕಿಯಲ್ಲಿ ಎಚೆವೇರಿಯಾ ಅನ್ನುವ ಗಿಡವಿದೆ. ದಪ್ಪ ದಪ್ಪ ಎಲೆಗಳು ಸುತ್ತಲೂ ಅರಳಿ, ಕಲ್ಲಿನಲ್ಲಿ ಕೆತ್ತಿದ ಕಮಲದ ಹಾಗೆ ಕೂತಿರುತ್ತದೆ. ತಾಯಿಗಿಡದ ಪಕ್ಕದಲ್ಲಿ ಹುಟ್ಟಿದ್ದ ಎರಡು ಮರಿಗಳನ್ನು ಬಿಡಿಸಿ, ನನಗೊಂದು, ಗೋಪಮ್ಮಕ್ಕನಿಗೊಂದು ಕೊಟ್ಟಳು. ಜೂನ್‌ ಹೊತ್ತಿಗೆ ಯಾರ ಗಿಡ ನೆಟ್ಟಗಿರುತ್ತದೋ ಅವರ ಮನೆಗೆ ಕೃಷ್ಣ. ಎರಡೂ ಹಾಳಾದರೆ ಮಾನ್ವಿಯಲ್ಲೇ ಬೇರೆ ಯಾರನ್ನಾದರೂ ಹುಡುಕುತ್ತೇನೆ ಅಂದಳು.

ಬೆಳಕಿರುವ ಕಿಟಕಿಯ ಹತ್ತಿರ ಇಡಬೇಕು, ಮಧ್ಯಾಹ್ನದ ಬಿಸಿಲಿಗೆ ಒಡ್ಡಬಾರದು, ಮಣ್ಣು ತಳದವರೆಗೆ ಒಣಗಿದ ಮೇಲಷ್ಟೇ ನೀರು, ಅದೂ ಬುಡಕ್ಕೆ, ಎಲೆಗಳ ನಡುವೆ ನಿಲ್ಲಬಾರದು ಎಂದೆಲ್ಲ ಹೇಳಿದಳು.

"ಏನೂ ಮಾಡದ ಸುಮ್ಮನಿರೋದೇ ಇದರ ಆರೈಕಿ, ಅಪ್ಪಾ. ನಿನಗ ಅದೇ ಕಷ್ಟ."

ನನಗೆ ನಗು ಬಂತು. ಸರ್ಕಾರಿ ಕುರ್ಚಿಯಲ್ಲಿ ಆಯುಷ್ಯ ಕಳೆದವನಿಗೆ ಸುಮ್ಮನೆ ಕೂರುವುದನ್ನು ಕಲಿಸುತ್ತಾಳೆ! ಆ ವಿದ್ಯೆಯಲ್ಲಿ ಕೃಷ್ಣೆಯಿಂದ ತುಂಗಭದ್ರೆಯವರೆಗೆ ನನ್ನನ್ನು ಮೀರಿಸುವವನು ಹುಟ್ಟಿಲ್ಲ. ಅವತ್ತೇ ಹೋಗಿ ಕೃಷ್ಣನಿಗೊಂದು ಪುಟ್ಟ ಮಂಚ ಮಾಡಿಸಲು ಹೇಳಿ ಬಂದೆ.

ಗಿಡವನ್ನು ಪಡಸಾಲೆಯ ಕಿಟಕಿಯಲ್ಲಿ, ಬುದ್ಧನ ಫೋಟೊದ ಕೆಳಗೆ ಇಟ್ಟೆ. ಒಂದು ಹನಿ ನೀರು ಹಾಕಲಿಲ್ಲ. ಆದರೆ ಇಂಥ ಗಿಡ ಮನೆಯಲ್ಲಿಟ್ಟುಕೊಂಡು ಬಾಯಿ ಮುಚ್ಚಿಕೊಂಡಿರುವುದು ಊರಿಗೆ ಮಾಡುವ ಅನ್ಯಾಯವಲ್ಲವೆ? ಪಕ್ಕದ ಮನೆಯ ಸತ್ತಾರ್ ಸಾಬ್‌ಗೆ, ಇದು ಮೆಕ್ಸಿಕೊದ ಗಿಡ, ಅಲ್ಲಿನ ರಾಜರು ಕಿರೀಟದಲ್ಲಿ ಮುಡಿಯುತ್ತಿದ್ದರು ಅಂದೆ. ಅವರು ಅದನ್ನು ಚಹಾದಂಗಡಿಗೆ ಮುಟ್ಟಿಸುವಷ್ಟರಲ್ಲಿ, ರಾಜರು ಅದರ ಎಲೆ ತಿಂದು ಇನ್ನೂರು ವರ್ಷ ಬದುಕುತ್ತಿದ್ದರು ಎಂದಾಗಿತ್ತು. ನಾನು ತಿದ್ದಲು ಹೋಗಲಿಲ್ಲ. ಸತ್ತಾರ್ ಸಾಬ್ ನನಗಿಂತ ಹಿರಿಯರು.

ಜನ ಬಂದರು. ಡ್ರೈವರುಗಳು ಬಂದರು, ಮಾಸ್ತರರು ಬಂದರು, ಮಂಡಿಗೆ ಹತ್ತಿ ತಂದವರು ಬಂಡಿ ನಿಲ್ಲಿಸಿ ಬಂದರು. ನಮ್ಮ ಕಡೆ ಬಂದವರನ್ನು ಯಾರು ನೀವು ಎಂದು ಕೇಳುವುದಕ್ಕೆ ಮೊದಲು ತಂಬಿಗೆ ನೀರು ಕೊಡುತ್ತೇವೆ. ಅದೂ ಏಪ್ರಿಲ್ ಬಿಸಿಲು. ಅವರು ತಂಬಿಗೆ ಎತ್ತಿ ತುಟಿಗೆ ತಾಗಿಸದೆ ಗಟಗಟ ಕುಡಿಯುತ್ತಾರೆ, ತಳದಲ್ಲಿ ಒಂದಿಷ್ಟು ಉಳಿಯುತ್ತದೆ. ಉಳಿದದ್ದನ್ನು ಮತ್ತೆ ಕೊಡಕ್ಕೆ ಸುರಿಯುವಂತಿಲ್ಲ, ಬೇಸಿಗೆಯಲ್ಲಿ ನೀರು ಚೆಲ್ಲುವುದಕ್ಕೆ ಯಾರಿಗೂ ಕೈ ಬರುವುದಿಲ್ಲ. ಹತ್ತಿರದಲ್ಲಿ ಯಾವ ಗಿಡ ಇರುತ್ತದೋ ಅದರ ಬುಡಕ್ಕೆ ಹಾಕುತ್ತಾರೆ. ಹತ್ತಿರದಲ್ಲಿ ಇದ್ದದ್ದು ಯಾವುದೆಂದು ಬೇರೆ ಹೇಳಬೇಕೆ? ನಾನು ಕಣ್ಣು ಮುಚ್ಚಿಕೊಂಡು ಮೆಕ್ಸಿಕೊದ ರಾಜರನ್ನು ವರ್ಣಿಸುತ್ತಿದ್ದೆ. ನನಗೆ ಕಾಣಲಿಲ್ಲ.

ಎಲೆಗಳು ಮೊದಲು ಗಾಜಿನಂತೆ ಪಾರದರ್ಶಕವಾದವು. ಮೆಕ್ಸಿಕೊದ ಕಳೆ ಬಂತು ಅಂದೆ. ಆಮೇಲೆ ಮುಟ್ಟಿದರೆ ಉದುರತೊಡಗಿದವು. ಕುಂಡದಿಂದ ಕೊಳೆತ ಈರುಳ್ಳಿಯ ವಾಸನೆ ಎದ್ದಾಗ ನನ್ನ ಹೆಂಡತಿ ಕಲ್ಯಾಣಿ ಮಣ್ಣಿಗೆ ಬೆರಳಿಟ್ಟು ನೋಡಿದಳು. ಭತ್ತ ನಾಟಿ ಮಾಡುವ ಹಾಗಿತ್ತು.

"ನೀವು ಒಂದ್ ಹನಿ ಹಾಕಿಲ್ಲ, ಖರೆ" ಅಂದಳು. "ನೀವು ಕರಸಿದವರು ಕೆರಿ ತುಂಬ್ಸ್ಯಾರ."

ಅಷ್ಟರಲ್ಲೇ ಪುಟ್ಟ ಮಂಚ ಬಂತು. ನಾಲ್ಕು ಕಾಲಿಗೂ ಬಣ್ಣ ಹಚ್ಚಿಸಿದ್ದೆ. ಪಡಸಾಲೆಯಲ್ಲಿ ಅದು ಖಾಲಿ ನಿಂತದ್ದು ನೋಡಿ, ಅವತ್ತು ಗಿಡ ನೋಡಲು ಬಂದವರನ್ನು ಬಾಗಿಲಿಂದಲೇ ವಾಪಸ್ ಕಳಿಸಿದೆ.

ಮರುದಿನ ಗಿಡವನ್ನು ಚೆಲ್ಲಿ, ಖಾಲಿ ಕುಂಡವನ್ನು ಚೀಲಕ್ಕೆ ಹಾಕಿಕೊಂಡು ದೇವದುರ್ಗದ ಬಸ್ಸು ಹತ್ತಿದೆ. ಗೋಪಮ್ಮಕ್ಕನ ಗಿಡ ಸತ್ತಿದ್ದರೆ ಸಮಾಧಾನ. ಬದುಕಿ ಪಕ್ಕದಲ್ಲಿ ಮರಿ ಹಾಕಿದ್ದರೆ ಒಂದನ್ನು ಕೇಳಿಯೋ ಕೇಳದೆಯೋ ತರುವುದು. ಕಲ್ಮಲದವರೆಗೆ ಕೇಳಬೇಕು ಅನ್ನಿಸಿತ್ತು. ಗಬ್ಬೂರು ದಾಟುವಾಗ, ಕೇಳದೆ ತರುವುದೇ ಮರ್ಯಾದೆ ಅನ್ನಿಸಿತು.

ಗೋಪಮ್ಮಕ್ಕ ತಂಬಿಗೆ ನೀರು ಕೊಟ್ಟಳು. ಕೊನೆಯ ಹನಿಯವರೆಗೂ ಕುಡಿದೆ. ಕೃಷ್ಣನ ಹಲ್ಲಿನ ಬಗ್ಗೆ ಮಾತಾಡಿದೆವು, ತೊಗರಿಯ ಬಗ್ಗೆ ಮಾತಾಡಿದೆವು, ಗಿಡದ ಸುದ್ದಿ ಯಾರೂ ಎತ್ತಲಿಲ್ಲ. ಕೊನೆಗೆ ನಾನೇ, ನಮ್ಮದು ಎಷ್ಟು ಬೆಳೆದಿದೆ ಅಂದರೆ ಕಿಟಕಿಯ ಸರಳು ಬಿಚ್ಚಿಸಬೇಕಾಯಿತು ಅಂದೆ. ತನ್ನದು ಒಳಗಿನ ಕೋಣೆಯಿಂದ ಹೊರಗೆ ತರಲಾಗದಷ್ಟು ಬೆಳೆದಿದೆ ಅಂದಳು ಅವಳು. ಈ ಹೆಂಗಸೂ ಸಾಮಾನ್ಯಳಲ್ಲ ಅನ್ನಿಸಿತು.

"ಚೀಲದಾಗ ಏನದ, ಬೀಗರ?"

ಹೇಳುವ ಮೊದಲೇ ಅವಳು ಕುಂಡ ತೆಗೆದು ನೋಡಿದ್ದಳು. ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಎದ್ದು ನನ್ನನ್ನು ಒಳಗೆ ಕರೆದುಕೊಂಡು ಹೋದಳು.

ಬಿಸಿಲು ತಾಗೀತು, ಕೋಳಿ ಕುಕ್ಕೀತು, ಕಂಡವರ ಕಣ್ಣು ಬಿದ್ದೀತು ಎಂದು ಅವಳು ಗಿಡವನ್ನು ಕತ್ತಲೆ ಕೋಣೆಯಲ್ಲಿ, ಜೋಳದ ಡ್ರಮ್ಮಿನ ಹಿಂದೆ, ಬುಟ್ಟಿ ಮುಚ್ಚಿ ಇಟ್ಟಿದ್ದಳು. ಬುಟ್ಟಿ ಎತ್ತಿದರೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅದು ಕಮಲವಲ್ಲ, ಬೆಳಕು ಹುಡುಕಿಕೊಂಡು ಹೊರಟ ಹಾವು. ಬಿಳಿಚಿದ ಕಾಂಡ ನನ್ನ ಮೊಣಕಾಲೆತ್ತರ, ಸರಿ, ಗೇಣೆತ್ತರ ಅನ್ನಿ, ಅಲ್ಲೊಂದು ಇಲ್ಲೊಂದು ಎಲೆ, ತುದಿಯಲ್ಲಿ ಮಾತ್ರ ಪುಟ್ಟದೊಂದು ಹೂವಿನಂಥ ತಲೆ.

"ನಿಮ್ಮದು ಬುಡಕ್ಕ ಹೋತು, ನನ್ನದು ನೆತ್ತಿಗೆ ಹೋತು" ಅಂದಳು ಗೋಪಮ್ಮಕ್ಕ. "ಇನ್ನ ಆಕಿ ಕೂಸಿನ್ನ ಗುರ್ತಿಲ್ಲದವರ ಕೈಯಾಗ ಕೊಡ್ತಾಳ."

ಸೆರಗಿನಿಂದ ಮೂಗು ಒರೆಸಿಕೊಂಡಳು. ನನಗೂ ಕಣ್ಣಿಗೆ ಜೋಳದ ಧೂಳು ಬಿತ್ತು.

ತಲೆ ಕತ್ತರಿಸಿ ಬೇರೆ ನೆಡುವ ಬುದ್ಧಿ ಹೊಳೆದದ್ದು ನನಗೆ. ತನಗೆ ಅನ್ನುತ್ತಾಳೆ ಅವಳು, ಅನ್ನಲಿ. ಈಳಿಗೆಯ ಮೇಲೆ ತಲೆಯನ್ನು ತುಂಡರಿಸಿ, ಗಾಯ ಒಣಗುವವರೆಗೆ ನೆರಳಲ್ಲಿಟ್ಟು, ನನ್ನ ಕುಂಡಕ್ಕೆ ಹಳ್ಳದ ಮರಳು ತುಂಬಿ ಕೂರಿಸಿದೆವು. ಅದನ್ನು ನನ್ನ ಕೈಗೆ ಕೊಡಲು ಅವಳು ಒಪ್ಪಲಿಲ್ಲ. ತಾನೇ ಮಡಿಲಲ್ಲಿ ಇಟ್ಟುಕೊಂಡು ರಾಯಚೂರಿಗೆ ಬಂದಳು. ಅದನ್ನು ಬುಟ್ಟಿಯಲ್ಲಿ ಮುಚ್ಚಲು ನಾನು ಬಿಡಲಿಲ್ಲ, ಕಿಟಕಿಯಲ್ಲೇ ಇಟ್ಟೆ. ಅವಳು ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕಾವಲು ಕೂತಳು. ಯಾರಾದರೂ ತಂಬಿಗೆಯಲ್ಲಿ ನೀರು ಉಳಿಸಿದರೆ, ಪೂರಾ ಕುಡಿಯಿರಿ ಎಂದು ವಾಪಸ್ ಹಿಡಿಯುತ್ತಿದ್ದಳು. ಸತ್ತಾರ್ ಸಾಬ್ ಕೂತಲ್ಲೇ ಎರಡು ತಂಬಿಗೆ ಕುಡಿದು, ಆಮೇಲೆ ಬರುವುದನ್ನೇ ಬಿಟ್ಟರು.

ಬೇರು ಹಿಡಿಯಿತು. ಎಲೆಗಳು ಗಟ್ಟಿಯಾದವು. ಜೂನ್ ಮೊದಲ ಭಾನುವಾರ ಮೇಘಾ ಕೃಷ್ಣನನ್ನು ಎತ್ತಿಕೊಂಡು ಬಂದಳು. ಗಿಡವನ್ನು ನೋಡಿದಳು, ಕುಂಡ ತಿರುಗಿಸಿದಳು, ಎಲೆ ಒತ್ತಿದಳು. ಇನ್ನೊಂದು ಎಲ್ಲಿ ಅಂತ ಕೇಳಿದಳು.

ದೇವದುರ್ಗದ ಮಂಗ ಒಯ್ದಿತು ಅಂತ ನಾನು. ರಾಯಚೂರಿನ ಬೆಕ್ಕು ಕೆಡವಿತು ಅಂತ ಗೋಪಮ್ಮಕ್ಕ. ಇಬ್ಬರೂ ಒಂದೇ ಉಸಿರಿಗೆ.

ಕಲ್ಯಾಣಿ ಅಡುಗೆಮನೆಯಲ್ಲಿ ಕೆಮ್ಮಿದಳು. ಮೇಘಾ ಕುಂಡವನ್ನು ನಮ್ಮಿಬ್ಬರ ನಡುವೆ ಇಟ್ಟಳು.

"ಹಂಗಾದ್ರ ಇದು ಯಾರದು?"

ನನ್ನದು ಅನ್ನಲು ಬಾಯಿ ತೆರೆದೆ. ಪಕ್ಕದಲ್ಲಿ ಗೋಪಮ್ಮಕ್ಕ ಸೆರಗಿನ ಅಂಚು ಹಿಂಡುತ್ತಿದ್ದಳು. ಎಂದೂ ಸುಳ್ಳಿಗೆ ಎಡವದ ನನ್ನ ನಾಲಿಗೆ ಅವತ್ತು ಎಡವಿತು.

"ತಲಿ ಅಕ್ಕಂದು, ಕುಂಡಿ ನಂದು" ಅಂದೆ. ಉಳಿದದ್ದನ್ನೆಲ್ಲ ಗೋಪಮ್ಮಕ್ಕನೇ ಹೇಳಿದಳು, ಬುಟ್ಟಿಯಿಂದ ಹಿಡಿದು ಈಳಿಗೆಯವರೆಗೆ.

ಮೇಘಾ ಕೃಷ್ಣನನ್ನು ಕೆಳಗಿಳಿಸಿದಳು. "ಬ್ಯಾರೆ ಬ್ಯಾರೆ ಇದ್ರ ಇಬ್ಬರೂ ಕೊಲ್ತೀರಿ" ಅಂದಳು. "ಅತ್ತಿ, ನೀವು ಇಲ್ಲೇ ಇರ್ರಿ. ಕೂಸು ಇಬ್ಬರ ಹತ್ರಾನೂ ಇರ್ತದ."

ಹೀಗೆ ನಾನು ಗೆದ್ದೆ. ಕೃಷ್ಣ ನಮ್ಮ ಮನೆಯಲ್ಲೇ ಇದ್ದಾನೆ. ಗೋಪಮ್ಮಕ್ಕ ದೇವದುರ್ಗಕ್ಕೆ ಹೋಗಿ ಟ್ರಂಕು ಸಮೇತ ಬಂದಳು, ಅವಳೂ ಗೆದ್ದಳಂತೆ. ಆದರೆ ನಾನು ಈ ಕಥೆಯನ್ನು ಮನೆಯಲ್ಲಿ ಕೂತು ಹೇಳುವಂತಿಲ್ಲ, ಚಹಾದಂಗಡಿಗೇ ಬರಬೇಕು. ಯಾರಾದರೂ ಬಾಗಿಲಿಗೆ ಬಂದು, ನಾನು ಗಂಟಲು ಸರಿಮಾಡಿಕೊಂಡರೆ ಸಾಕು, ಗೋಪಮ್ಮಕ್ಕ ತುಟಿಯ ಮೇಲೆ ಬೆರಳಿಡುತ್ತಾಳೆ: ಕೂಸು ಮಲಗಿದೆ. ಬೆಳಿಗ್ಗೆ ಬಂದರೂ ಮಲಗಿದೆ, ಸಂಜೆ ಬಂದರೂ ಮಲಗಿದೆ. ಇಷ್ಟು ನಿದ್ದೆ ಮಾಡುವ ಕೂಸು ಭೂಮಂಡಲದಲ್ಲೇ ಇಲ್ಲ. ಅವಳು ಹಾಗನ್ನುವಾಗ ಆ ಕೂಸು ಅವಳ ಹಿಂದೆಯೇ ನಿಂತು ತಾಟು ಬಡಿಯುತ್ತಿರುತ್ತದೆ.