ಹನ್ನೆರಡು ನಿಮಿಷದ ಓಟ

ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನ ಮೈದಾನವೆಂದರೆ ಖೋ ಖೋ ಕಂಬ ನೆಟ್ಟರೆ ಮುಗಿದುಹೋಗುವಷ್ಟು ಜಾಗ. ಹಾಗಾಗಿ ಓಟವನ್ನು ನಾನು ರಸ್ತೆಗೆ ಇಳಿಸಿದ್ದೆ. ಗೇಟಿನಿಂದ ಬಸ್ ತಂಗುದಾಣಕ್ಕೆ ಒಂದು ಕಿಲೋಮೀಟರ್. ಅಲ್ಲಿ ಜವಾನ ಜಯಪ್ಪ ಕೈಗೊಂದು ರಬ್ಬರ್ ಬ್ಯಾಂಡ್ ಹಾಕುತ್ತಾನೆ, ಅದನ್ನು ಹಾಕಿಸಿಕೊಂಡು ವಾಪಸ್ ಬರಬೇಕು. ಪ್ರತಿ ಶನಿವಾರ ಎಲ್ಲರಿಗೂ ಓಟ. ಹನ್ನೆರಡು ನಿಮಿಷ ದಾಟಿದವರಿಗೆ ದೈಹಿಕ ಶಿಕ್ಷಣದಲ್ಲಿ ಪಾಸಿಲ್ಲ. ಹುಡುಗಿಯರೆಂದು ರಿಯಾಯಿತಿ ಕೊಡುವವರ ಪೈಕಿ ನಾನಲ್ಲ.

ಹುಂಚದ ತ್ರಿಶಲಾ ಒಂಬತ್ತನೇ ಕ್ಲಾಸಿನ ಹಾಸ್ಟೆಲ್ ಹುಡುಗಿ. ಏಳು ಶನಿವಾರ ಹದಿನೈದು ನಿಮಿಷಕ್ಕೆ ತೇಕುತ್ತ ಬಂದವಳು, ಎಂಟನೆಯ ಶನಿವಾರ ಹನ್ನೊಂದೂವರೆ ನಿಮಿಷಕ್ಕೇ ಬಂದಳು. ಸೋಮವಾರ ಪ್ರಾರ್ಥನೆಯಲ್ಲಿ ಅವಳನ್ನು ಮುಂದೆ ಕರೆದು ಚಪ್ಪಾಳೆ ಹೊಡೆಸಿದೆ. ಅವಳು ತಲೆ ಎತ್ತಲಿಲ್ಲ. ನಾಚಿಕೆ ಅಂದುಕೊಂಡೆ.

ಗುರುವಾರ ಅವಳಿಗೆ ಜ್ವರ. ಅದೇ ಮಧ್ಯಾಹ್ನ ಆರೋಗ್ಯ ಇಲಾಖೆಯವರು ಬಂದು, ಶಾಲೆಗೂ ತಂಗುದಾಣಕ್ಕೂ ನಡುವಿನ ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆ, ಮಂಗನ ಕಾಯಿಲೆಯ ಅನುಮಾನವಿದೆ, ಅದನ್ನು ಹರಡುವ ಉಣುಗು ಹುಳ ಕಚ್ಚೀತು, ಯಾರೂ ಒಳಗೆ ಕಾಲಿಡಬೇಡಿ ಎಂದರು. ನಮ್ಮ ಮಕ್ಕಳು ಓಡುವುದು ಟಾರು ರಸ್ತೆಯಲ್ಲಿ ಎಂದು ಜಂಬದಿಂದಲೇ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ತ್ರಿಶಲಾಳ ಹನ್ನೊಂದೂವರೆ ನಿಮಿಷ ನೆನಪಾಯಿತು. ರಸ್ತೆ ಗುಡ್ಡ ಸುತ್ತಿ ಹೋಗುತ್ತದೆ. ಗೇಟಿಗೆ ಕಾಣದ ಮೊದಲ ತಿರುವಿನಿಂದ ದನ ಓಡಾಡುವ ಒಳದಾರಿಯೊಂದು ಕಾಡಿನೊಳಗೆ ಹಾದು ನೇರ ತಂಗುದಾಣದ ಹಿಂಬದಿ ಸೇರುತ್ತದೆ. ಏಳು ವಾರ ಆಗದ್ದು ಎಂಟನೇ ವಾರ ಹೇಗಾಯಿತು?

ಹಾಸ್ಟೆಲಿಗೆ ಓಡಿದೆ. ಅವಳ ಕಣ್ಣು ಕೆಂಪಾಗಿತ್ತು, ಮೈಕೈ ನೋವಿಗೆ ಮುದುಡಿ ಮಲಗಿದ್ದಳು. ಕಾಡಿಗೆ ಹೋಗಿದ್ದೆಯಾ ಎಂದರೆ ಇಲ್ಲ ಎಂದಳು. ಡಾಕ್ಟರಿಗೂ ಹಾಗೇ ಹೇಳಿದ್ದಳಂತೆ. ಅವರು ಸಾದಾ ಜ್ವರದ ಮಾತ್ರೆ ಕೊಟ್ಟು ಹೋಗಿದ್ದರು. ಮತ್ತೆ ಕೇಳಿದೆ. ಅವಳು ನನ್ನ ಮುಖ ನೋಡಲಿಲ್ಲ, ಕತ್ತಿನಲ್ಲಿದ್ದ ಸೀಟಿ ನೋಡಿದಳು. ಈ ಮಗು ಕಾಯಿಲೆಗಿಂತ ನನಗೆ ಹೆಚ್ಚು ಹೆದರಿದೆ ಎಂದು ಗೊತ್ತಾಗಿ ನನಗೇ ಭಯವಾಯಿತು. ಸೀಟಿ ತೆಗೆದು ಬ್ಯಾಗಿಗೆ ಹಾಕಿದೆ.

"ಬೈಯಲ್ಲ ಮಾರಾಯ್ತಿ. ನಿಜ ಹೇಳಿದ್ರೆ ಈಗ್ಲೇ ರಕ್ತ ಟೆಸ್ಟಿಗೆ ಕಳಿಸ್ಬಹುದು."

"ಹೇಳಿದ್ರೆ ಮತ್ತೆ ಓಡಿಸ್ತೀರಾ ಮಿಸ್?"

ಇಲ್ಲ ಎಂದೆ. ಆಣೆ ಮಾಡಿಸಿಕೊಂಡಳು. ಆಮೇಲೆ ಒಳದಾರಿಯಲ್ಲಿ ಹೋದದ್ದು, ಸತ್ತ ಮಂಗವನ್ನು ಮೂಗು ಮುಚ್ಚಿಕೊಂಡು ದಾಟಿದ್ದು ಎಲ್ಲ ಹೇಳಿ, ಮೊಣಕಾಲಿನ ಹಿಂದೆ ಉಣುಗು ಕಚ್ಚಿದ ಗುರುತು ತೋರಿಸಿದಳು. ಡಾಕ್ಟರಿಗೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಅವಳ ಕೈ ಹಿಡಿದು ಕೂತೆ.

"ಒಬ್ಳೇ ಹೋಗಿದ್ಯಾ?"

"ಎಲ್ರೂ ಅಲ್ಲೇ ಹೋಗೋದು ಮಿಸ್, ಮೊದಲ ಶನಿವಾರದಿಂದ್ಲೂ. ರಸ್ತೇಲಿ ಓಡ್ತಾ ಇದ್ದಿದ್ದು ನಾನೊಬ್ಳೇ."

ರಿಜಿಸ್ಟರ್ ತೆರೆದೆ. ನಲವತ್ತೆರಡು ಹೆಸರು, ಪ್ರತಿಯೊಂದರ ಮುಂದೆ ನಾನೇ ಹೆಮ್ಮೆಯಿಂದ ಬರೆದ ಪಾಸು. ಮೊದಲನೆಯದು ಬಿಂದುಶ್ರೀ, ಆನಂದಪುರದವಳು. ಮನೆಯ ನಂಬರು ಒತ್ತಿದೆ. ಅವಳ ತಾಯಿ ಫೋನ್ ಎತ್ತಿದವರು ನಾನು ಬಾಯಿ ತೆರೆಯುವ ಮೊದಲೇ, ಮಗಳಿಗೆ ಬೆಳಿಗ್ಗೆಯಿಂದ ವಿಪರೀತ ತಲೆನೋವು, ಶನಿವಾರದ ಓಟಕ್ಕೆ ಒಂದು ರಜೆ ಸಿಗಬಹುದಾ ಎಂದು ಅಂಜುತ್ತ ಕೇಳಿದರು.