ಗುಡುಗು ನಿಂತಿತೇ

ದಾಸನಕೊಪ್ಪದ ಬಸ್‌ಸ್ಟಾಪಿನ ಎದುರಿಗೇ ಗಣಪನ ಕಂಪ್ಯೂಟರ್ ಅಂಗಡಿ. ಪಹಣಿ ತೆಗೆಸುವವರು, ಅರ್ಜಿ ತುಂಬಿಸುವವರು, ಬಸ್ಸು ಬರುವವರೆಗೆ ಫ್ಯಾನಿನಡಿ ಸುಮ್ಮನೆ ಕೂರುವವರು, ಎಲ್ಲರಿಗೂ ಅದೇ ಜಾಗ. ಕಂಪ್ಯೂಟರನ್ನು ನಡೆಸುವ ತಂತ್ರಾಂಶ ಲಿನಕ್ಸ್. ಪುಕ್ಕಟೆ ಸಿಗುತ್ತದೆಂದು ಹಾಕಿಸಿಕೊಂಡವನಿಗೆ ಆಮೇಲೆ ಅದರದೇ ಹುಚ್ಚು ಹಿಡಿಯಿತು. ಕಪ್ಪು ಪರದೆಯ ಮೇಲೆ ಟಕಟಕ ಟೈಪು ಮಾಡಿ ಅವನು ಇಂಟರ್ನೆಟ್ ತರಿಸುವುದನ್ನು ಜನ ಬಾಯಿಬಿಟ್ಟು ನೋಡುತ್ತಿದ್ದರು. ಅದು ಅವನಿಗೂ ಗೊತ್ತಿತ್ತು. ಬೇಕೆಂದೇ ಸ್ವಲ್ಪ ಜೋರಾಗಿ ಕುಟ್ಟುತ್ತಿದ್ದ.

ಈಗ ಕೈ ನಡುಗುತ್ತಿತ್ತು. ವಾಸಿಯಾಗುವ ನಡುಕವಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತಿದ್ದವು. ಪಕ್ಕದ ಕುರ್ಚಿಯಲ್ಲಿ ಅರ್ಜಿ ತುಂಬುತ್ತಿದ್ದ ಸೊಸೆ ಪ್ರತಿಭಾ ಓರೆಗಣ್ಣಿನಲ್ಲಿ ನೋಡಿ ಮತ್ತೆ ಅರ್ಜಿಗೆ ತಲೆ ಬಗ್ಗಿಸುತ್ತಿದ್ದಳು. ಶಿರಸಿಯಲ್ಲಿ ಕಂಪ್ಯೂಟರ್ ಓದಿ ಬಂದವಳು ನಿಜ, ಆದರೆ ಈ ಅಂಗಡಿಯ ಕೆಲಸ ಕಲಿಸಿದವನು ಮಾವನೇ. ಕೀಬೋರ್ಡು ಇತ್ತ ಕೊಡಿ ಎಂದುಬಿಟ್ಟರೆ ಆ ಕುರ್ಚಿಯಿಂದ ಅವನನ್ನು ಎಬ್ಬಿಸಿದ ಹಾಗೆಯೇ. ಅದು ಅವಳ ಕೈಲಾಗುತ್ತಿರಲಿಲ್ಲ.

ಮೇ ತಿಂಗಳಲ್ಲಿ ಮಧ್ಯಾಹ್ನವಾದರೆ ಗುಡುಗು. ಗುಡುಗಿದರೆ ಈ ಕಡೆಯವರು ಸಿಡಿಲಿಗೆ ಸುಡಬಾರದೆಂದು ಮೊದಲು ಇಂಟರ್ನೆಟ್ ಮೋಡೆಮಿನ ವೈರು ಕೀಳುತ್ತಾರೆ, ಆಮೇಲೆ ಒಣಹಾಕಿದ ಬಟ್ಟೆ ಎತ್ತುತ್ತಾರೆ. ವೈರು ಮತ್ತೆ ಹಾಕಿದಾಗ ಒಂದೊಂದು ದಿನ ಕೇಬಲ್ಲಿನಲ್ಲಿ ಇಂಟರ್ನೆಟ್ ಬರುತ್ತಿತ್ತು, ಒಂದೊಂದು ದಿನ ಮೊಬೈಲಿನಿಂದ ಎಳೆದುಕೊಳ್ಳಬೇಕಾಗುತ್ತಿತ್ತು. ಯಾವ ದಾರಿ, ಯಾವ ವಿಳಾಸ ಎಂದು ಲಿನಕ್ಸಿಗೆ ಪ್ರತಿಸಲವೂ ಟೈಪು ಮಾಡಿ ಹೇಳಬೇಕು. ಗಣಪ ತಪ್ಪುತ್ತಿದ್ದ, ಅಳಿಸುತ್ತಿದ್ದ, ಮತ್ತೆ ತಪ್ಪುತ್ತಿದ್ದ. ಕಾದು ಸಾಕಾದವರು ನಾಳೆ ಬರುತ್ತೇವೆಂದು ಎದ್ದು ಹೋಗುತ್ತಿದ್ದರು.

ಪ್ರತಿಭಾ ಒಂದು ಪುಟ್ಟ ಪ್ರೋಗ್ರಾಂ ಬರೆದಳು. ಕೇಬಲ್ಲೋ ಮೊಬೈಲೋ ಆರಿಸಿ ಎಂಟರ್ ಒತ್ತುತ್ತ ಹೋದರೆ ಮುಗಿಯಿತು. ನನಗೆ ಟೈಪು ಮಾಡುವ ಆಜ್ಞೆಗಳು ಮರೆಯುತ್ತವೆ, ಅದಕ್ಕೇ ಮಾಡಿಕೊಂಡೆ, ನೀವು ಪರೀಕ್ಷೆ ಮಾಡಿ ಎಂದು ಸುಳ್ಳು ಹೇಳಿ ಮಾವನ ಮುಂದಿಟ್ಟಳು. ಅವನು ಎಂಟರ್ ಒತ್ತಿದ. ಬೆರಳು ಮೂರು ಸಲ ಬಿತ್ತು. ಓದುವ ಮೊದಲೇ ಪ್ರಶ್ನೆಗಳು ದಾಟಿಹೋಗಿ, ಇದ್ದ ಜೋಡಣೆಯೂ ಅಳಿಸಿಹೋಯಿತು. ಗಣಪ ಆ ಕೈಯನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡ.

“ಇದಕ್ಕೂ ನಾ ಬ್ಯಾಡಾದೆ, ತಂಗಿ,” ಎಂದ.

ಪ್ರತಿಭಾಳಿಗೆ ತನ್ನ ಮೇಲೇ ಸಿಟ್ಟು ಬಂತು. ನಡುಗುವ ಕೈಗೆಂದು ಮಾಡಿದ್ದನ್ನು ತನ್ನ ಗಟ್ಟಿ ಕೈಯಲ್ಲಿ ಮಾತ್ರ ಪರೀಕ್ಷಿಸಿದ್ದಳು, ಜಾಣೆ. ಈ ಸಲ ಏನನ್ನೂ ಒತ್ತುವುದೇ ಬೇಡದ ಹಾಗೆ ಬರೆದಳು. ವೈರು ಹಾಕಿದರೆ ಸಾಕು, ಕಂಪ್ಯೂಟರು ತಾನೇ ದಾರಿ ಹುಡುಕಿಕೊಳ್ಳುತ್ತಿತ್ತು. ಗಿರಾಕಿಗಳಿಗೆ ಖುಷಿಯೋ ಖುಷಿ. ಗಣಪನೂ ಮನಸಾರೆ ಹೊಗಳಿದ. ಮರುದಿನ ಗಿರಾಕಿಗಳ ಬೆಂಚಿನ ಮೇಲೆ ಕೂತ. ಅದರ ಮರುದಿನ ಸೊಂಟನೋವೆಂದು ಮನೆಯಲ್ಲೇ ಉಳಿದ.

ಅಂದು ಗುಡುಗಿತು. ಪ್ರತಿಭಾ ವೈರು ಕಿತ್ತಳು. ಮಳೆ ನಿಂತ ಮೇಲೆ ವೈರು ಹಿಡಿದುಕೊಂಡೇ ನಿಂತಳು. ಈಗ ಹಾಕಬಹುದೇ? ಮಾವನಾದರೆ ಅಂಗಳಕ್ಕಿಳಿದು ಬನವಾಸಿಯ ಕಡೆ ಕಿವಿಗೊಟ್ಟು ನಿಲ್ಲುತ್ತಿದ್ದ. ಅವನು ಹಾಕು ಎಂದಮೇಲೆ ಗುಡುಗು ಮತ್ತೆ ಬಂದದ್ದೇ ಇಲ್ಲ. ಅಕ್ಕಪಕ್ಕದವರ ಮೋಡೆಮುಗಳೆಲ್ಲ ಸುಟ್ಟಿದ್ದವು, ಇವರದು ಸುಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಪ್ರೋಗ್ರಾಮಿಗೆ ಇನ್ನೊಂದು ಸಾಲು ಸೇರಿಸಿ ಮಾವನ ಬಳಿ ಹೋದಳು.

“ಮಾವಾ, ಒಂದು ಮಾತ್ರ ನನಗೂ ತಿಳಿಯಂಗಿಲ್ಲ, ಮಷೀನಿಗೂ ತಿಳಿಯಂಗಿಲ್ಲ. ನೀವ ಬರ್ರಿ.”

ಮಧ್ಯಾಹ್ನ ಗುಡುಗಿ ಮಳೆ ಸುರಿದು ನಿಂತಿತು. ಮೋಡೆಮಿನ ವೈರು ಕಿತ್ತಿದ್ದ ಕಂಪ್ಯೂಟರಿನ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಒಂದೇ ಪ್ರಶ್ನೆ ಕಾಯುತ್ತಿತ್ತು: ಗುಡುಗು ನಿಂತಿತೇ? ಗಣಪ ಅಂಗಳದಲ್ಲಿ ಕತ್ತು ಓರೆ ಮಾಡಿ ನಿಂತ. ಜನರಿಗೆ ತಾಳಿ ಎಂದು ಕೈ ತೋರಿಸಿದ. ಬಹಳ ಹೊತ್ತಿನ ಮೇಲೆ ಬಂದು ವೈರು ಹಾಕಿಸಿ ತನ್ನ ಕುರ್ಚಿಯಲ್ಲಿ ಕೂತ. ಯಾವುದನ್ನು ಒತ್ತಬೇಕು ಎಂದು ಕೇಳಿದ.

“ಯಾವುದಾದ್ರೂ ಒತ್ರಿ, ಎಷ್ಟು ಸಲಾನಾದ್ರೂ ಒತ್ರಿ,” ಎಂದಳು ಪ್ರತಿಭಾ.

ಗಣಪ ಸೊಸೆಯ ಮುಖವನ್ನೊಮ್ಮೆ ನೋಡಿದ. ಎಲ್ಲ ಅರ್ಥವಾಗಿ ಅವನ ಕಣ್ಣು ತುಂಬಿತು. ಬೆರಳು ಮೂರು ಸಲ ಬಿತ್ತು, ಇಂಟರ್ನೆಟ್ ಬಂತು. ಬಾಗಿಲಲ್ಲಿ ಜನ ನೋಡುತ್ತಿದ್ದರು. ಅವನು ಇನ್ನೊಂದು ಸಲ ಕುಟ್ಟಿದ, ಬೇಕೆಂದೇ ಸ್ವಲ್ಪ ಜೋರಾಗಿ.